ಗುರುವಾರಕ್ಕೆ ಮೊದಲು ತೆರೆಯಬೇಡ

ನೌಂಬುರ್ಗ್
೧೦ ನವೆಂಬರ್ ೨೦೧೯, ಭಾನುವಾರ ಸಂಜೆ

ಪ್ರೀತಿಯ ರೋಸ್ವಿಥಾ,

ಹೊಲಿಗೆ ಹಾಕಿದ ಕಡೆ ಇನ್ನೂ ಎಳೆಯುತ್ತದೆಯೇ? ಆರೈಕೆ ಮನೆಯವರು ಈಗಲೂ ಉಪ್ಪಿಲ್ಲದ ಸೂಪನ್ನೇ ಕೊಡುತ್ತಿದ್ದಾರೆಯೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆಯಲಾರೆ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಈ ಕಾಗದದ ಜೊತೆಗೇ ನಿನಗೊಂದು ಬಿಳಿ ಲಕೋಟೆ ಬರುತ್ತದೆ, ಮೇಲೆ ಓಯುನ್‌ಳ ದುಂಡು ಅಕ್ಷರ. ಅದನ್ನು ತೆರೆಯಬೇಡ. ದಿಂಬಿನ ಕೆಳಗಿಟ್ಟು ಗುರುವಾರ ಬೆಳಿಗ್ಗೆ ತೆರೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಈಚೆಗೆ ಹೇಳಬೇಕಾದ್ದನ್ನು ಬಿಟ್ಟು ಮಳೆ ಚಳಿಯ ಮಾತಾಡಿ ಇಟ್ಟುಬಿಡುತ್ತೇನೆ.

ಗುರುವಾರ ನಿನಗೆ ಎಪ್ಪತ್ತು ತುಂಬುತ್ತದೆ. ಡಾಕ್ಟರು ನಿನ್ನ ಆಪರೇಷನ್ನಿನ ವರದಿ ಕೊಡುವುದೂ ಅಂದೇ. ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು, ಹುಟ್ಟುಹಬ್ಬಕ್ಕೆ ಒಂದು ಗಂಟೆ ಮುಂಚೆ ಹಾರೈಸಿದರೂ ಕೇಡು. ಈ ಓಯುನ್ ನಾಲ್ಕು ದಿನ ಮುಂಚೆ ಹಾರೈಸಿದ್ದಾಳೆ! ನೀನೇ ತಂದಿಟ್ಟ ಹುಡುಗಿ. "ನಾನಿಲ್ಲದಾಗ ಮನೆಯಲ್ಲಿ ಮಾತು ಇರಲಿ, ಮಂಗೋಲಿಯಾದಿಂದ ನಮ್ಮ ಭಾಷೆ ಕಲಿಯಲು ಬಂದವಳು, ನಿಮ್ಮ ಗೊಣಗಾಟವೂ ಅವಳಿಗೆ ಪಾಠವೇ" ಎಂದು ನೀನು ಅಂದಿದ್ದೆ. ಸರಿ, ಕಲಿತಳು. ಮಧ್ಯಾಹ್ನ ಮೂರರ ಕಾಫಿಗೆ ಪ್ಲಮ್ ಕೇಕು ಕತ್ತರಿಸುತ್ತಾ, ಗುರುವಾರ ತನಗೆ ಪರೀಕ್ಷೆ, ಅದಕ್ಕೇ ನಿನಗೆ ಶುಭಾಶಯದ ಕಾರ್ಡನ್ನು ಈಗಷ್ಟೇ ಅಂಚೆ ಡಬ್ಬಿಗೆ ಹಾಕಿ ಬಂದೆ, ಒಂದೂ ತಪ್ಪಿಲ್ಲದೆ ಬರೆದಿದ್ದೇನೆ ಎಂದು ಹಲ್ಲು ಬಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು.

ಏನೇನು ಕೂಗಾಡಿದೆನೋ, ಪೂರ್ತಿ ನೆನಪಿಲ್ಲ. ನೆನಪಿರುವುದೇ ಸಾಕು. ನನ್ನ ಹೆಂಡತಿಯನ್ನು ಸಾಯಿಸಲು ಬಂದೆಯಾ ಅಂದೆ. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬೀದಿಗೆ ಓಡಿ ಆ ಹಳದಿ ಅಂಚೆ ಡಬ್ಬಿಯೊಳಗೆ ಕೈ ತುರುಕಿದೆ. ಮಣಿಕಟ್ಟಿನಾಚೆ ಹೋಗಲಿಲ್ಲ. ಎದುರುಮನೆಯ ಡ್ಯೋರಿಂಗಮ್ಮ ಕಿಟಕಿ ತೆರೆದು, ಭಾನುವಾರ ಗಲಾಟೆ ಮಾಡಬಾರದು ಅನ್ನುವುದು ಗೊತ್ತಿಲ್ಲವೇ ಎಂದು ನನಗೇ ಬುದ್ಧಿ ಹೇಳಿದಳು. ಆ ಮುದುಕಿಗೂ ನಾಲ್ಕು ಬೈದೆ.

ಮನೆಗೆ ಬಂದರೆ ಹುಡುಗಿ ಚೀಲ ತುಂಬುತ್ತಿದ್ದಳು. ಅಳಲಿಲ್ಲ. ತಣ್ಣಗೆ, ಒಂದೊಂದೇ ಪದ ಆರಿಸಿ ಹೇಳಿದಳು: "ಬಾಟ್ಲಿ ತಪ್ಪು ಕಸದ ಡಬ್ಬಿಗೆ ಹಾಕಿದ್ರೆ ಹೇಳ್ತೀರಿ. ಎರಡು ನಿಮಿಷ ತಡ ಆದ್ರೆ ಹೇಳ್ತೀರಿ. ಮೆಟ್ಟಿಲು ಯಾವ ವಾರ ಯಾರು ಗುಡಿಸ್ಬೇಕು ಅಂತ ಬರೆದು ಅಂಟಿಸಿದೀರಿ. ನಿಮಗೆ ಇಷ್ಟು ಭಯ ಇದೆ ಅಂತ ಮಾತ್ರ ಯಾಕೆ ಹೇಳಲಿಲ್ಲ?" ಸಹಪಾಠಿಯ ಕೋಣೆಗೆ ಹೊರಟುಹೋದಳು. ಕೇಕು ಹಾಗೇ ಮೇಜಿನ ಮೇಲಿದೆ.

ನಿಜ ಹೇಳಲೇ? ಸಿಟ್ಟು ಅವಳ ಮೇಲಲ್ಲ. ನಮ್ಮ ಮಾನ್‌ಫ್ರೆಡ್‌ಗೆ ಅರವತ್ತು ತುಂಬುವ ಹಿಂದಿನ ದಿನ ಮೊದಲು ಗ್ಲಾಸು ಎತ್ತಿ ಹಾರೈಸಿದವನು ಯಾರು? ನಾನು, ಅವನ ಸ್ವಂತ ಅಣ್ಣ. ಆ ವಾರವೇ ಹೋದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹದಿಮೂರು ವರ್ಷದಿಂದ ನೀನು ಹೇಳುತ್ತಿದ್ದೀಯ, ನಾನು ತಲೆಯಾಡಿಸುತ್ತಿದ್ದೇನೆ. ನಂಬಿಲ್ಲ ಕಣೇ, ಒಂದು ದಿನವೂ ನಂಬಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಬಾರದ್ದನ್ನು ಆಡಿಬಿಡುವುದೇ ನನ್ನ ಹಣೆಬರಹ.

ಔಷಧ ತಪ್ಪಿಸಬೇಡ. ಪಕ್ಕದ ಹಾಸಿಗೆಯಾಕೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಸಿಡುಕ,
ಎಕ್‌ಹಾರ್ಟ್

ತಾ.ಕ.: ಸೋಮವಾರ ಬೆಳಿಗ್ಗೆ. ಕಾಗದ ಹಾಕಲು ಹೋದವನು ವಾಪಸು ಬಂದು ಗೀಚುತ್ತಿದ್ದೇನೆ. ಡಬ್ಬಿಯ ಪಕ್ಕ ಓಯುನ್ ನಿಂತಿದ್ದಳು, ಕಾರ್ಡು ವಾಪಸು ಕೇಳಲು ಅಂಚೆಯವನನ್ನು ಕಾಯುತ್ತಾ, ಆರೂವರೆಯಿಂದ. ಅವನು ಬಂದ, ಒಳಗೆ ಬಿದ್ದದ್ದನ್ನು ಕೊಡುವಂತಿಲ್ಲ ಎಂದು ಚೀಲಕ್ಕೆ ಸುರಿದುಕೊಂಡು ಹೋದ. ಇದನ್ನೆಲ್ಲ ನೀನು ನಂಬುತ್ತೀಯಾ ಎಂದು ಅವಳನ್ನು ಕೇಳಿದೆ. "ಇಲ್ಲ. ನೀವು ನಂಬ್ತೀರಲ್ಲ" ಅಂದಳು. ಕ್ಷಮಿಸು ಎಂದೆ. ನಲವತ್ತೇಳು ವರ್ಷದಲ್ಲಿ ನೀನು ನನ್ನ ಬಾಯಲ್ಲಿ ಕೇಳದ ಮಾತು, ಹೊಟ್ಟೆಕಿಚ್ಚುಪಡಬೇಡ. ಈಗ ಅಡುಗೆಮನೆಯಲ್ಲಿ ನಿನ್ನೆಯ ಕೇಕು ತಿನ್ನುತ್ತಿದ್ದಾಳೆ. ಇದನ್ನು ಅಂಚೆ ಕಚೇರಿಗೇ ಒಯ್ದು ಕೊಡುತ್ತೇನೆ. ನಾನು ಹೇಳಬೇಕಾದ್ದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ. ನೀನೇ ಎತ್ತಬೇಕು.