ಮೆಂಫಿಸ್ ಸೋತ ಪಂದ್ಯ ಮತ್ತು ಲೂಥರ್‌ನ ಬಲಗೈ

ಮಾನ್ಯ ಮೇಯರ್ ಅವರೇ,

ಮೆಂಫಿಸ್ ನಗರವನ್ನು ನೀವು ಸೋಲಿಸಿದ್ದು ನನ್ನ ಗಂಡನ ಮುರಿದ ಬೆರಳುಗಳನ್ನು ಲೆಕ್ಕದಿಂದ ಹೊರಗಿಟ್ಟು. ಈ ಮಾತನ್ನು ಮೊದಲು ನಿಮ್ಮ ಕಚೇರಿಗೇ ಬಂದು ಹೇಳಿದೆ. ಕೂರಲು ಕುರ್ಚಿ ಕೊಟ್ಟರು, ಕಿವಿ ಕೊಡಲಿಲ್ಲ. ಈಗ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಹೋದ ವರ್ಷದ ಆರಂಭದಲ್ಲಿ ನೀವು ಮತ್ತು ಮೆಂಫಿಸ್‌ನ ಮೇಯರ್ ಟಿವಿಯಲ್ಲಿ ನಗುನಗುತ್ತ ಬಾಜಿ ಕಟ್ಟಿದಿರಿ. ವರ್ಷದ ಕೊನೆಗೆ ಯಾವ ನಗರದಲ್ಲಿ ದರೋಡೆ ಕಡಿಮೆಯೋ ಅದು ಗೆದ್ದಂತೆ. ನಾವು ಸೋತರೆ ನಮ್ಮ ಸರೋವರದ ಮೀನು ಅವರಿಗೆ, ಅವರು ಸೋತರೆ ಹೊಗೆಯಲ್ಲಿ ಬೇಯಿಸಿದ ಹಂದಿಯ ಪಕ್ಕೆಲುಬು ನಮಗೆ. ಫುಟ್‌ಬಾಲ್ ಆಟಕ್ಕೆ ಊಟದ ಬಾಜಿ ಕಟ್ಟುವುದನ್ನು ಕಂಡಿದ್ದೆ. ಜನ ತಿನ್ನುವ ಏಟಿನ ಮೇಲೂ ಕಟ್ಟಬಹುದೆಂದು ನೀವು ತೋರಿಸಿಕೊಟ್ಟಿರಿ.

ಆಗ ನನಗೂ ಅದು ತಮಾಷೆಯಾಗಿಯೇ ಕಂಡಿತ್ತು, ಸುಳ್ಳು ಹೇಳಲಾರೆ. ನನ್ನ ಅಕ್ಕ ವರ್ಲೀನ್ ಇರುವುದು ಮೆಂಫಿಸ್‌ನಲ್ಲಿ. ಯಾರ ಊರು ಹೆಚ್ಚು ಕೆಟ್ಟದ್ದು ಎಂದು ನಾವಿಬ್ಬರೂ ಫೋನಿನಲ್ಲಿ ಕಿತ್ತಾಡುತ್ತಲೇ ಮುದುಕಿಯರಾದವರು. ಹಾಲು ತರೋಕೂ ಗುಂಡು ತಡೆಯೋ ಅಂಗಿ ತೊಟ್ಕೊಂಡು ಹೋಗ್ತೀಯಾ ಅಕ್ಕಾ ಎಂದು ನಾನು ಕೆಣಕಿದರೆ, ನಿಮ್ಮೂರಿನ ಚಳಿಗೆ ಕಳ್ಳರೂ ಹಾಸಿಗೆ ಬಿಟ್ಟು ಏಳಲ್ಲ, ಅದನ್ನೇ ಸುರಕ್ಷತೆ ಅಂದ್ಕೊಂಡಿದ್ದೀರಿ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಡಿಸೆಂಬರ್ ಹೊತ್ತಿಗೆ ಎರಡೂ ನಗರಗಳು ಸಮಸಮ ಓಡುತ್ತಿದ್ದವು. ಆ ತಿಂಗಳ ಒಂದು ಸಂಜೆ ನನ್ನ ಗಂಡ ಲೂಥರ್ ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಮುಗಿಸಿ ಬಸ್ ನಿಲ್ದಾಣದಲ್ಲಿ ನಿಂತಿದ್ದ. ನಾವು ಮದುವೆಯಾಗುವ ಮೊದಲಿನಿಂದಲೂ ಅಲ್ಲಿ ಪಿಯಾನೋ ನುಡಿಸುತ್ತಿದ್ದವನು ಅವನು. ಇಬ್ಬರು ಬಂದು ಕೆಳಗೆ ಕೆಡವಿದರು. ಫೋನು ಬಿಡಲಿಲ್ಲವೆಂದು ಒಬ್ಬ ಬೂಟುಗಾಲಿನಿಂದ ಬಲಗೈಯನ್ನು ತುಳಿದ. ಇನ್ನೊಬ್ಬ ಮೈಮೇಲಿನ ಕೋಟನ್ನೂ ಬಿಚ್ಚಿಕೊಂಡ.

ಆಸ್ಪತ್ರೆಗೆ ಬಂದ ನಿಮ್ಮ ಪೊಲೀಸ್ ಅಧಿಕಾರಿ ಒಳ್ಳೆಯವನೇ. ದನಿ ತಗ್ಗಿಸಿ ನನಗೆ ಹೇಳಿದ: "ಅಮ್ಮಾ, ಮಂಜಿನ ಮೇಲೆ ಜಾರಿ ಬಿದ್ರು ಅಂತ ಹಾಕ್ಕೋತೀನಿ. ಈ ತಿಂಗಳು ದರೋಡೆ ಅಂತ ತಗೊಂಡು ಹೋದ್ರೆ ಮೇಲಿನವರು ನನ್ನ ಬಿಡಲ್ಲ."

ಮಂಚದ ಮೇಲಿದ್ದ ಲೂಥರ್ ಕಣ್ಣು ತೆರೆಯದೆ ಕೇಳಿದ: "ನಾನು ಜಾರಿದೆ ಸರಿ. ನನ್ನ ಕೋಟೂ ಜಾರ್ಕೊಂಡು ಹೋಯ್ತೇನಪ್ಪಾ?"

ಅಧಿಕಾರಿ ಕ್ಷಮೆ ಕೇಳಿದ. ಬರೆದದ್ದು ಮಾತ್ರ ಹಾಗೆಯೇ. ಲೂಥರ್‌ನ ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ವೈದ್ಯರು ಹೇಳಿದರು. ಆ ಕ್ರಿಸ್‌ಮಸ್‌ಗೆ ನಮ್ಮ ಚರ್ಚಿನವರು ಪಿಯಾನೋ ಇಲ್ಲದೆ ಹಾಡಿದರು. ಇವನು ಕೊನೆಯ ಸಾಲಿನಲ್ಲಿ ಕೂತು ತೊಡೆಯ ಮೇಲೆ ಎಡಗೈ ಬೆರಳು ಆಡಿಸುತ್ತಿದ್ದ. ನಾನು ಮತ್ತೆ ಆ ಕಡೆ ನೋಡಲಿಲ್ಲ.

ಜಾರಿ ಬಿದ್ದವನಿಗಾಗಿ ಯಾರು ಕಳ್ಳರನ್ನು ಹುಡುಕುತ್ತಾರೆ, ಸ್ವಾಮಿ? ಯಾರೂ ಹುಡುಕಲಿಲ್ಲ. ಹೊಸ ವರ್ಷ ಬಂದ ಕೆಲವೇ ದಿನಗಳಲ್ಲಿ ಅದೇ ನಿಲ್ದಾಣದಲ್ಲಿ ನಮ್ಮ ಚರ್ಚಿನ ಹುಡುಗಿ ಮಾರ್ವೆಟ್ ಸಿಕ್ಕಿಬಿದ್ದಳು. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಅವಳದು. ಕೈಚೀಲ ಕಿತ್ತುಕೊಳ್ಳುವಾಗ ಹೊಡೆದ ಹೊಡೆತಕ್ಕೆ ಎಡಗಣ್ಣು ಹೋಯಿತು. ಹೊಡೆದವನು ತೊಟ್ಟಿದ್ದ ಕೋಟಿನ ಮೊಣಕೈಗೆ ಹಳದಿ ತೇಪೆ ಇತ್ತೆಂದು ಅವಳು ಹೇಳಿದಾಗ ನಾನು ಅವಳ ಮಂಚದ ಪಕ್ಕದಲ್ಲೇ ಕೂತಿದ್ದೆ. ಆ ತೇಪೆ ಹೊಲಿದವಳು ನಾನು.

ಲೂಥರ್‌ಗೆ ಏಟು ಬಿದ್ದ ಡಿಸೆಂಬರಿನಲ್ಲೇ ಮೆಂಫಿಸ್‌ನಲ್ಲಿ ವರ್ಲೀನಳ ಪಕ್ಕದ ಮನೆಯಾಕೆಯ ಕೈಚೀಲವನ್ನೂ ಯಾರೋ ಕಿತ್ತುಕೊಂಡು ಓಡಿದ್ದರು. ಅಲ್ಲಿನ ಪೊಲೀಸರು ದರೋಡೆಯನ್ನು ದರೋಡೆ ಎಂದೇ ಬರೆದುಕೊಂಡರು, ಬೀದಿಯಲ್ಲಿ ಮನೆಮನೆಗೂ ಹೋಗಿ ವಿಚಾರಿಸಿದರು. ವರ್ಷದ ಲೆಕ್ಕ ಹೊರಬಿದ್ದ ದಿನ ಅಕ್ಕ ಫೋನಿನಲ್ಲಿ ಮೆಲ್ಲಗೆ ಹೇಳಿದಳು: "ನಮ್ಮೂರು ಸೋತಿತು ಕಣೆ. ಆದ್ರೆ ಕಳ್ಳ ಸಿಕ್ಕ." ಅವತ್ತು ಅವಳು ಕೆಣಕಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆಮೇಲೆ ಗೆದ್ದ ಪಕ್ಕೆಲುಬು ಬಂತು, ನಗರಸಭೆಯ ದೊಡ್ಡ ಹಾಲಿನಲ್ಲಿ ಔತಣ. ನಗರಸಭೆಯ ಔತಣಗಳಿಗೆ ಅಡುಗೆ ಮಾಡಿ ಬಡಿಸುವ ಗುತ್ತಿಗೆ ನನ್ನದು; ಈ ಕೆಲಸವೂ ಎಂದಿನಂತೆ ನನ್ನ ಅಡುಗೆಮನೆಗೇ ಬಂತು. ಬೇಡವೆನ್ನಬಹುದಿತ್ತು. ಒಪ್ಪಿಕೊಂಡೆ. ಸೊಪ್ಪು ಬೇಯಿಸಿದೆ, ಮೆಕ್ಕೆಜೋಳದ ರೊಟ್ಟಿ ಸುಟ್ಟೆ, ಒಂದು ತಟ್ಟೆಗೂ ಉಪ್ಪು ಹೆಚ್ಚು ಹಾಕಲಿಲ್ಲ. ನೀವು ಕ್ಯಾಮರಾಗಳ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಅಮ್ಮಾ, ಊಟಕ್ಕೆ ಮುಂಚೆ ನೀವೇ ಒಂದು ಪ್ರಾರ್ಥನೆ ಹೇಳಿ ಎಂದಿರಿ. ನಾನು ಕಣ್ಣು ಮುಚ್ಚಿ ಹೇಳಿದೆ:

"ದೇವರೇ, ಈ ಊಟ ನನ್ನ ಗಂಡನ ಎರಡು ಬೆರಳಿಂದ, ಮಾರ್ವೆಟ್‌ಳ ಒಂದು ಕಣ್ಣಿಂದ ಬಂದದ್ದು. ತಿನ್ನೋರಿಗೆ ಅದು ಗೊತ್ತಿರಲಿ."

ರೂಢಿಯ ಬಲದಿಂದ ನಿಮ್ಮ ಬಾಯಿಂದ ಆಮೆನ್ ಬಂದುಬಿಟ್ಟಿತು. ಅನಂತರ ನಿಮ್ಮ ಮುಖ ನೋಡಿದೆ. ದೇವರಾಣೆ, ಬಹಳ ದಿನಗಳ ನಂತರ ನನ್ನ ಹೊಟ್ಟೆ ತಣ್ಣಗಾಯಿತು.

ಮಾರನೆಯ ದಿನ, ದುಃಖದಲ್ಲಿ ಬುದ್ಧಿ ಸ್ತಿಮಿತ ತಪ್ಪಿದ ವಯಸ್ಸಾದ ಹೆಂಗಸು ಎಂದು ಸುದ್ದಿಗಾರರಿಗೆ ಹೇಳಿದಿರಿ. ಆಮೇಲೆ ನಗರಸಭೆಯಿಂದ ನನಗೆ ಒಂದು ಅಡುಗೆ ಕೆಲಸವೂ ಬಂದಿಲ್ಲ. ನನ್ನ ಬುದ್ಧಿ ಸ್ತಿಮಿತದಲ್ಲೇ ಇದೆ, ಮಾನ್ಯರೇ. ನಿಮ್ಮ ಆಳ್ವಿಕೆಯಲ್ಲಿ ಸುರಕ್ಷತೆ ಎಂದರೆ ಏಟು ಬೀಳದಿರುವುದೋ, ಬಿದ್ದ ಏಟಿಗೆ ಬೇರೆ ಹೆಸರು ಸಿಗುವುದೋ? ಮೆಂಫಿಸ್‌ನವರು ಸೋತು ಕಳ್ಳನನ್ನು ಹಿಡಿದರು. ನೀವು ಗೆದ್ದು ಯಾರನ್ನು ಹಿಡಿದಿರಿ?

ಕ್ಷಮಿಸಿಬಿಡು ಎಂದು ನಮ್ಮ ಪಾದ್ರಿಗಳು ಹೇಳಿದರು. ಲೂಥರ್ ಕೂಡ ಹೇಳಿದ, ಅವನ ಸ್ವಭಾವವೇ ಹಾಗೆ. ನನ್ನಿಂದಾಗದು. ಈ ಶರತ್ಕಾಲದಲ್ಲಿ ಚುನಾವಣೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಒಂದೊಂದು ಚರ್ಚಿನಲ್ಲಿ ಎದ್ದುನಿಂತು ಇದನ್ನೇ ಹೇಳುತ್ತೇನೆ. ನಿಮ್ಮ ಕುರ್ಚಿ ಹೋಗುವುದನ್ನು ನೋಡಬೇಕು, ಅಷ್ಟೇ ನನ್ನ ಆಸೆ. ಮುಚ್ಚುಮರೆ ಇಲ್ಲ.

ಇದು ಬೇಡವೆಂದರೆ ದಾರಿ ಒಂದೇ. ಬರುವ ಭಾನುವಾರ ಕಾವಲಿನವರನ್ನು ಬಿಟ್ಟು, ಬಸ್ಸಿನಲ್ಲಿ ನಮ್ಮ ಚರ್ಚಿಗೆ ಬನ್ನಿ. ಮಾರ್ವೆಟ್ ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಅವಳಿಗೆ ಕಾಣುವಂತೆ ಬಲಗಡೆ ನಿಂತು, ನಮ್ಮ ನಗರ ಮೆಂಫಿಸ್‌ಗಿಂತ ಸುರಕ್ಷಿತ ಎಂದು ಅವಳ ಮುಖಕ್ಕೇ ಹೇಳಿ. ಹೇಳಲು ನಾಲಿಗೆ ಏಳದಿದ್ದರೆ ಅಲ್ಲೇ ರಾಜೀನಾಮೆ ಕೊಡಿ.

ಇಂತಿ,
ನಿಮ್ಮ ಗೆಲುವಿನ ಊಟ ಬಡಿಸಿ, ತಟ್ಟೆಯನ್ನೂ ತೊಳೆದವಳು
ಅರ್ನೆಸ್ಟೀನ್ ಪ್ರೂಯಿಟ್