ಇದು ಯಾರ ಏಪ್ರನ್?

ವಿದ್ಯಾಗಿರಿ, ಬಾಗಲಕೋಟಿ
ಮಾರ್ಚ್ 1983

ರಸಾಯನಶಾಸ್ತ್ರದ ಹುದ್ದಾರ ಸರ್ ಅವರ ದಿವ್ಯ ಸನ್ನಿಧಾನಕ್ಕೆ,

ಪ್ರಯೋಗಶಾಲೆಗೆ ಕೊಳೆತ ತತ್ತಿಯ ವಾಸನೆ ದಯಪಾಲಿಸಿದ ಕೀರ್ತಿವಂತ ಶಿಷ್ಯ ಅಂದಪ್ಪನ ಸಾಷ್ಟಾಂಗ ನಮಸ್ಕಾರ.

ನಾನೂ ಸುಭಾನಸಾಬನೂ ಒಂದೇ ಏಪ್ರನ್ ತೊಡುತ್ತಿದ್ದದ್ದು ತಮಗೆ ಗೊತ್ತೇ ಇದೆ. ಮುಂಜಾನೆ ಬ್ಯಾಚಿನಿಂದ ಹೊರಗೆ ಬಂದು ಅವ ಬಿಚ್ಚಿಕೊಟ್ಟರೆ, ನಾ ತೊಟ್ಟು ಒಳಗೆ ಹೋಗುತ್ತಿದ್ದೆ. ತಾವು ಬೈಯಲಿಲ್ಲ. "ನೋಡ್ರಪಾ, ಕೋವೇಲೆಂಟ್ ಬಂಧ ಅಂದರ ಇದು. ಎರಡು ಪರಮಾಣು ಹಂಚಿಕೊಂಡ ಇಲೆಕ್ಟ್ರಾನ್ ಯಾರದು ಅಂತ ಕೇಳಬಾರದು" ಅಂದಿರಿ. ಸುಭಾನನ ತಾಯಿ ಮಕ್ತುಮಬಿ, ಮನಿ ಮಗ್ಗದಾಗ ನೇಯುವ ಸೀರೆಯ ಕೆಂಪು ರೇಷ್ಮೆ ಎಳೆಯಿಂದ ಜೇಬಿನ ಮೇಲೆ ಇಬ್ಬರ ಹೆಸರನ್ನೂ ಕಸೂತಿ ಹಾಕಿದ್ದರು.

ಶಿವರಾತ್ರಿ ಸೂಟಿಯಲ್ಲಿ ಇಳಕಲ್ಲಿನ ಕಲ್ಲಿನ ಖಣಿಗೆ ಕೂಲಿಗೆ ಹೋದ ಸುಭಾನ, ಬಂಡೆ ಜಾರಿ ತೀರಿಕೊಂಡ. ನಿನ್ನೆ ಅವರ ಮನಿಗೆ ಹೋಗಿದ್ದೆ. ಮಕ್ತುಮಬಿ ಏಪ್ರನ್ ಒಗೆದು ಮಡಚಿಟ್ಟಿದ್ದರು. ಮಗನ ಹೆಸರಿನ ಎಳೆಗಳನ್ನು ಬಿಚ್ಚಿದ್ದರು.

"ಪರೀಕ್ಷಾದಾಗ ನಿನಗ ತ್ರಾಸ ಆಗಬಾರದು ಬೇಟಾ. ಇನ್ನ ಇದು ನಿನ್ನ ಒಬ್ಬಂದ" ಅಂದರು.

ಸೂಜಿ ಹಿಡಿದು ಗೊತ್ತಿಲ್ಲದ ನಾ, ಅದೇ ತೂತುಗಳಲ್ಲಿ ಅವನ ಹೆಸರು ಮತ್ತೆ ಹೊಲಿದೇನಿ. ಸೊಟ್ಟಗಾಗೇತಿ.

ಸೋಮವಾರ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರ್ತಾರ. ಬೇರೆಯವರ ಹೆಸರಿನ ಏಪ್ರನ್ ಕಂಡರೆ ಹೊರಗೆ ಹಾಕ್ತಾರಂತ. "ಇದು ಯಾರದು?" ಅಂತ ಅವರು ಕೇಳಿದರೆ ತಾವು ಬಾಗಿಲಿಗೆ ಬಂದು, ಹಾಗೆ ಕೇಳಬಾರದು ಅಂತ ಅವರಿಗೂ ಒಮ್ಮೆ ಪಾಠ ಹೇಳಬೇಕೆಂದು ವಿನಂತಿ.

ಅರ್ಧ ಏಪ್ರನ್ನಿನ ಹಕ್ಕುದಾರ,
ಅಂದಪ್ಪ