ರೋಗದ ಹೊಲವನ್ನು ವಾಸಿ ಮಾಡಬೇಡಿ

ತೊಗರಿ ಸಂಶೋಧನಾ ಕೇಂದ್ರದ ಮಾನ್ಯ ಹೊಸ ಮುಖ್ಯಸ್ಥರೇ,

ನನ್ನ ಹೆಂಡತಿ, ತಮ್ಮದೇ ಕೇಂದ್ರದ ವಿಜ್ಞಾನಿ ಲುಂಬಿನಿ, ಇಪ್ಪತ್ತೈದು ವರ್ಷ ಜೋಪಾನವಾಗಿ ಬೆಳೆಸಿದ ರೋಗವನ್ನು ತಾವು ವಾಸಿ ಮಾಡಲು ಹೊರಟಿದ್ದೀರಿ. ದಯವಿಟ್ಟು ಬಿಟ್ಟುಬಿಡಿ.

ಮೇಲಿನವರು ಸೇಡಂಗೆ ಭೇಟಿ ಕೊಡುತ್ತಾರೆಂದು ತಾವು ಕೇಂದ್ರವನ್ನೆಲ್ಲ ಸುತ್ತಿದಿರಿ. ಒಣಗಿ ನಿಂತ ತೊಗರಿ ಹೊಲವೊಂದನ್ನು ಕಂಡು ನಾಚಿದಿರಿ. ಅರ್ಧ ಹೊಲಕ್ಕೆ ಅಂದೇ ಔಷಧಿ ಸುರಿಸಿದಿರಿ. ಉಳಿದರ್ಧಕ್ಕೆ ಸೋಮವಾರ ಟ್ರ್ಯಾಕ್ಟರ್ ಹೊಡೆಸಿ, ಹೊಸ ಮಣ್ಣು ತುಂಬಿ ಚೆಂಡುಹೂ ಹಚ್ಚಬೇಕಂತೆ. ಎಂಥ ಕಾಳಜಿ! ಆ ಗಿಡಗಳನ್ನು ಸಾಯಲೆಂದೇ ನೆಟ್ಟಿದ್ದಾರೆಯೇ ಎಂದು ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? ತೊಗರಿಯನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗ ಇರುವುದು ಮಣ್ಣಿನಲ್ಲಿ. ಆ ಕೆಟ್ಟ ಮಣ್ಣಿನಲ್ಲೂ ಬದುಕುವ ತಳಿಯನ್ನೇ ಆರಿಸಿ ರೈತರಿಗೆ ಕೊಡುವುದು ಲುಂಬಿನಿಯ ಕೆಲಸ. ಹೊಲವೇ ವಾಸಿಯಾದರೆ ಪರೀಕ್ಷೆ ಎಲ್ಲಿ ನಡೆಸಬೇಕು, ತಮ್ಮ ಛೇಂಬರಿನಲ್ಲೇ?

ಡಾ. ಲುಂಬಿನಿ ಕುರಕುಂಟಾದಿಂದ ಹೋಗಿ ಬೆಳೆರೋಗ ಓದಿದ ಮೊದಲ ಹೆಣ್ಣುಮಗಳು. ಮದುವೆಯಾದ ಹೊಸದರಲ್ಲಿ ಚಿಂಚೋಳಿ ಕಡೆಯ ಲಲಿತಾಬಾಯಿ ಎಂಬ ರೈತಮಹಿಳೆಯ ಮನೆಗೆ ಹೋಗಿ ರೋಗದ ಗಿಡ ಕೊಡಿ ಎಂದಳು. ಹೊಸ ಮದುಮಗಳಿಗೆ ಸತ್ತ ಗಿಡ ಕೊಡುವುದುಂಟೇ? ಆಕೆ ಉಡಿ ತುಂಬ ಒಳ್ಳೆಯ ತೊಗರಿ ತುಂಬಿ ಕಳಿಸಿದರು. ಮರುವಾರ ಹೋದರೆ ಮತ್ತೆ ಉಡಿ, ಮತ್ತೆ ತೊಗರಿ. ಕೊನೆಗೆ ಲಲಿತಾಬಾಯಿಯೇ ಸೋತು, "ಮಂದಿ ರೋಗ ಓಡ್ಸಾಕತ್ತಾರ, ನೀ ಸಾಕಾಕತ್ತೀಯಲ್ಲವ್ವಾ ತಂಗಿ" ಎನ್ನುತ್ತ ಗಿಡ ಕಿತ್ತುಕೊಟ್ಟರು. ಅವನ್ನೇ ಕತ್ತರಿಸಿ ಮಣ್ಣಿಗೆ ಬೆರೆಸಿ ಈ ಹೊಲ ಮಾಡಿದ್ದು. ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಬರೀ ಬೇಳೆಸಾರು.

ಈ ವರ್ಷ ಸತ್ತ ಗಿಡಗಳ ನಡುವೆ ಒಂದೇ ಒಂದು ಸಾಲು ಹಸಿರಾಗಿ ನಿಂತಿದೆ, ತಾವು ಔಷಧಿ ಸುರಿಸದೆ ಬಿಟ್ಟ ಅರ್ಧದಲ್ಲಿ. ಕಾಯಿ ಬಲಿತು ಬೀಜ ಸಿಗಲು ಇನ್ನೂ ತಿಂಗಳು ಬೇಕು. ತಮ್ಮ ಆದೇಶ ಓದಿದಂದಿನಿಂದ ಅವಳಿಗೆ ಊಟ ಸೇರುತ್ತಿಲ್ಲ. "ಅದೊಂದು ಸಾಲಿಗಾಗಿ ಇಷ್ಟು ವರ್ಷ ಕಾದೀನ್ರೀ" ಎಂದಳು. ನನಗೆ ಭಾಳ ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆದ್ದರಿಂದ ಟ್ರ್ಯಾಕ್ಟರ್ ನಿಲ್ಲಿಸಿ. ಬಂದ ದೊಡ್ಡವರು ಇದೇನು ಎಂದು ಕೇಳಿದರೆ ಲುಂಬಿನಿಯನ್ನು ಕರೆಯಿರಿ, ಅವಳು ಹೇಳುತ್ತಾಳೆ. ಚೆಂಡುಹೂ ಬೇಕೇ ಬೇಕೆಂದರೆ ತಮ್ಮ ಕಚೇರಿಯ ಮುಂದೆ ನಾನೇ ಹಚ್ಚಿ ದಿನಾ ನೀರು ಹಾಕುತ್ತೇನೆ. ನಿವೃತ್ತನಿಗೆ ಬೇರೇನು ಕೆಲಸ. ಇಷ್ಟು ಹೇಳಿದ ಮೇಲೂ ಸೋಮವಾರ ಟ್ರ್ಯಾಕ್ಟರ್ ಬಂದರೆ ಆ ಸಾಲಿನ ಮುಂದೆ ನಾವಿಬ್ಬರೂ ಕೂತಿರುತ್ತೇವೆ. ಮೊದಲು ನಮ್ಮನ್ನು ಕಿತ್ತು, ಆಮೇಲೆ ಹೂ ಹಚ್ಚಿಸಿ.

ಇಂತಿ,
ಮನೆಯಲ್ಲಿ ನೆಟೆ ರೋಗದ ನಂತರದ ಸ್ಥಾನದಲ್ಲಿರುವ ಗಂಡ,
ರಾಜರತ್ನ
ನಿವೃತ್ತ ರೈಲ್ವೆ ನೌಕರ, ವಾಡಿ